ಎದೆಯ ಮೇಲಿನ ಪಟ್ಟಿಗಳು: ಜನರಲ್ ತಿಮ್ಮಯ್ಯನವರ ಭಾವಚಿತ್ರವನ್ನು ಕುರಿತು

ವೀರನ ಸ್ಮರಣೆಗೆ ಕನ್ನಡ ನಾಡು ಕಂಡುಕೊಂಡ ದೃಶ್ಯರೂಪಗಳಲ್ಲಿ ವೀರಗಲ್ಲು ಪ್ರಮುಖವಾದುದು. ಅದರ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ. ಅಕ್ಷರವರಿಯದವನೂ ಘಟನೆಯನ್ನು ಕಲ್ಲಿನಿಂದಲೇ ತಿಳಿಯಬಲ್ಲ. ಇಪ್ಪತ್ತನೆಯ ಶತಮಾನದ ಯೋಧನಿಗೆ ದೊರೆತದ್ದು ಛಾಯಾಚಿತ್ರ. ಇದರಲ್ಲಿ ಘಟನೆಯೇ ಇಲ್ಲ.

ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ (1906–1965) ಸಮವಸ್ತ್ರದ ಭಾವಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ. ಕತ್ತುಪಟ್ಟಿಯ ಚಿಹ್ನೆ ಪದವಿಯನ್ನು ಹೇಳುತ್ತದೆ. ಸೇವೆಯ ವೃತ್ತಾಂತವೆಲ್ಲ ಎಡ ಎದೆಯ ಮೇಲಿನ ಬಣ್ಣದ ಪಟ್ಟಿಗಳಲ್ಲಿ ಅಡಕವಾಗಿದೆ. ಅವುಗಳಲ್ಲೊಂದು ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್‌ನದು: ಕಡುಗೆಂಪು, ಅಂಚುಗಳಲ್ಲಿ ನೀಲಿ. 1945ರಲ್ಲಿ ಬರ್ಮಾದ ಅರಕಾನ್ ಕರಾವಳಿಯ ಕಾಂಗಾವ್ ಕಾಳಗದಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನನ್ನು ನಡೆಸಿದುದಕ್ಕೆ ಸಂದ ಗೌರವವಿದು. ಕಪ್ಪುಬಿಳುಪು ಚಿತ್ರದಲ್ಲಿ ಆ ಕೆಂಪೂ ಬೂದುಬಣ್ಣವೇ. ಮೇಲಾಗಿ, ಶೌರ್ಯಕ್ಕೆ ಸಂದ ಪಟ್ಟಿಗೂ ರಣಭೂಮಿಯಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಸಲ್ಲುವ ಬರ್ಮಾ ಸ್ಟಾರ್ ಪಟ್ಟಿಗೂ ಅಗಲದಲ್ಲಿ ಹೆಚ್ಚಿನ ಭೇದವಿಲ್ಲ. ಸೇನೆಯ ಸಂಕೇತಭಾಷೆ ಬಲ್ಲವನಿಗೆ ಮಾತ್ರ ಈ ಎದೆ ಮಾತನಾಡುತ್ತದೆ.

ಚಿತ್ರದ ದೊಡ್ಡ ಮೌನ ಬೇರೆಯದು. ಕಾಂಗಾವ್‌ನಲ್ಲಿ ಹೋರಾಡಿದ 51ನೇ ಭಾರತೀಯ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳ ನಾಯಕರಾದ ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್, ಎಲ್.ಪಿ. ಸೇನ್ ಮೂವರಿಗೂ ಇದೇ ಪದಕ ಸಂದಿತು. ನಾಯಕತ್ವಕ್ಕೆ ಸಲ್ಲುವ ಈ ಪದಕ 1993ರವರೆಗೆ ಅಧಿಕಾರಿಗಳಿಗೆ ಮೀಸಲಾಗಿತ್ತು; ಸಿಪಾಯಿಗಳಿಗೆ ದೊರೆಯುವಂತಹುದಾಗಿರಲಿಲ್ಲ. ಹೈದರಾಬಾದ್ ಎಂಬ ಹೆಸರಿದ್ದರೂ ರೆಜಿಮೆಂಟಿನ ಯೋಧರು ಬಹುಪಾಲು ಕುಮಾವೂನಿಗಳು, ಜಾಟರು, ಅಹೀರರು. 1945ರಲ್ಲಿಯೇ ಅದು ಕುಮಾವೂನ್ ರೆಜಿಮೆಂಟ್ ಎಂದಾಯಿತು. ಬೆಟಾಲಿಯನ್ನು ಗೆದ್ದುದು ಒಬ್ಬನ ಎದೆಯ ಮೇಲೆ ಉಳಿಯಿತು. ವೀರಗಲ್ಲಿನಲ್ಲಿ ಎದುರಾಳಿಗೂ ಕುದುರೆಗೂ ಜಾಗವಿದ್ದುದನ್ನು ಇಲ್ಲಿ ನೆನೆಯಬೇಕು.

ನಂತರದ ಸೇವೆಯಲ್ಲಿಯೂ ಇದೇ ಕಥೆ. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ ಸಾಹಸವಾಗಲಿ, ಕೊರಿಯಾದಲ್ಲಿ ಯುದ್ಧಕೈದಿಗಳನ್ನು ಕುರಿತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ (1953–54) ತೋರಿದ ಸಹನೆಯಾಗಲಿ ಮುಖಮುದ್ರೆಯಲ್ಲಿ ಕಾಣುವಂತಹವಲ್ಲ. ಕೊರಿಯಾದ ಕಾರ್ಯದಲ್ಲಿ ಗುಂಡು ಹಾರಿಸದಿರುವುದೇ ಸಾಧನೆಯಾಗಿತ್ತು. ಅದನ್ನು ಚಿತ್ರಿಸುವುದು ಶಿಲ್ಪಿಗೂ ಸುಲಭವಲ್ಲ.

ಹಾಗಾದರೆ ಚಿತ್ರವನ್ನು ತುಂಬುವುದು ಯಾವುದು? ಮಾತು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಬಲ್ಲವರಿಗೆ ಕೊಡವ ವೀರರು ದುಡಿಯ ಹಾಡಿನಲ್ಲಿ ಬದುಕಿದ ಬಗೆ ತಿಳಿದೇ ಇದೆ. ಭಾವಚಿತ್ರ ತಾನಾಗಿ ಹೇಳದುದನ್ನು ಅದರ ಮುಂದೆ ನಿಂತವರು ಹೇಳಿಕೊಳ್ಳುತ್ತಾರೆ. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿನ ಚಿತ್ರಗಳೆದುರು ಸಂದರ್ಶಕರು ಆಡುವ ಮಾತಿನ ಜೊತೆಗೆ, ಕುಮಾವೂನಿನ ಹಳ್ಳಿಗಳಲ್ಲಿ ಆ ಯೋಧರ ಮನೆತನಗಳಲ್ಲಿ ಉಳಿದಿರಬಹುದಾದ ನೆನಪುಗಳೂ ಸಂಗ್ರಹಗೊಳ್ಳಬೇಕಾಗಿದೆ.