ನಕ್ಷೆ ಬಣ್ಣ ಬದಲಿಸಿತು, ಮತದಾರ?

2023ರ ಮೇ 13ರ ಸಂಜೆ ಟೀವಿಯಲ್ಲಿ ಕರ್ನಾಟಕದ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟಿದ್ದರು. 2018ರದ್ದರಲ್ಲಿ ಹರಡಿಕೊಂಡಿದ್ದ ಕೇಸರಿ, ಹೊಸದರಲ್ಲಿ ಅಲ್ಲೊಂದು ಇಲ್ಲೊಂದು ತೇಪೆಯಾಗಿತ್ತು. ಜನ ಸಾರಾಸಗಟಾಗಿ ಮಗ್ಗುಲು ಬದಲಿಸಿದ್ದಾರೆ ಎಂದೇ ನಾನೂ ಓದಿಕೊಂಡೆ. ಓದಿಕೊಂಡೆ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ನಕ್ಷೆಯೂ ಒಂದು ಪಠ್ಯವೇ. ಅದಕ್ಕೂ ಒಬ್ಬ ನಿರೂಪಕನಿರುತ್ತಾನೆ, ಅವನೂ ಕೆಲವನ್ನು ಹೇಳದೆ ಬಿಡುತ್ತಾನೆ.

ಆಮೇಲೆ ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿಕೊಂಡು ಕೂತೆ. ಬಿಜೆಪಿಯ ಸ್ಥಾನಗಳು 104ರಿಂದ 66ಕ್ಕೆ ಇಳಿದಿದ್ದವು. ಮತ ಪ್ರಮಾಣ? ಶೇ. 36.3 ಇದ್ದದ್ದು ಶೇ. 36. ಅಷ್ಟೇ! ಕಾಂಗ್ರೆಸ್ ಶೇ. 38ರಿಂದ 43ರ ಹತ್ತಿರಕ್ಕೆ ಏರಿತ್ತು, ಜೆಡಿಎಸ್ 18ರಿಂದ 13ಕ್ಕೆ ಕುಸಿದಿತ್ತು. ಒಳಗೆ ಇಳಿದರೆ ಇನ್ನೂ ಸೋಜಿಗ. ಉತ್ತರದಲ್ಲಿ ಬಿಜೆಪಿ ಮತ ಕಳೆದುಕೊಂಡಿದ್ದರೆ, ಹಳೇ ಮೈಸೂರು ಭಾಗದಲ್ಲಿ ಗಳಿಸಿತ್ತು. ಆದರೆ ಗೆಲ್ಲುವಷ್ಟಲ್ಲ. ಗೆಲ್ಲದ ಮತಕ್ಕೆ ನಕ್ಷೆಯಲ್ಲಿ ಬಣ್ಣವಿಲ್ಲ.

ಪುತ್ತೂರನ್ನೇ ನೋಡಿ. 2018ರಲ್ಲಿ ಕೇಸರಿ, 2023ರಲ್ಲಿ ಕಾಂಗ್ರೆಸ್ಸಿನ ಬಣ್ಣ. ಎರಡನೆಯ ಸ್ಥಾನಕ್ಕೆ ಬಂದವರು ಬಿಜೆಪಿ ವಿರುದ್ಧ ಬಂಡೆದ್ದ ಪಕ್ಷೇತರ, ಮೂರನೆಯದು ಬಿಜೆಪಿ. ಅವರಿಬ್ಬರ ಮತ ಕೂಡಿಸಿದರೆ ಗೆದ್ದವರಿಗಿಂತ ಬಹಳ ಹೆಚ್ಚು. ಒಂದು ಮನೆಯ ಜಗಳವನ್ನು ನಕ್ಷೆ ಊರಿನ ಮನಪರಿವರ್ತನೆ ಎಂದು ಹೇಳಿಬಿಟ್ಟಿತು. ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16 ಮತ. ಅದಕ್ಕೂ ಅಂಚಿನಿಂದ ಅಂಚಿಗೆ ಗಾಢ ಕೇಸರಿಯೇ.

ಇದರ ಮೇಲೆ ಜಾತಿಯ ಪದರವನ್ನೂ ಹೊದಿಸುವುದು ನಮ್ಮ ವಿಶ್ಲೇಷಕರ ಚಟ. ಇಂಥವರ ಪ್ರಾಬಲ್ಯದ ಕ್ಷೇತ್ರ, ಗೆದ್ದವರು ಇಂಥವರು, ಆದ್ದರಿಂದ ಆ ಸಮುದಾಯ ಅತ್ತ ವಾಲಿತು ಎಂಬ ವಾದ. ಕ್ಷೇತ್ರ ವಾಲಿದರೆ ಅದರೊಳಗಿನ ಯಾರು ವಾಲಿದರು ಎಂದು ಅದರಿಂದಲೇ ತಿಳಿಯುವುದಿಲ್ಲ. 2011ರ ಜನಗಣತಿ ಪ್ರಕಟಿಸಿದ್ದು ಪರಿಶಿಷ್ಟ ಜಾತಿ, ಪಂಗಡಗಳ ಲೆಕ್ಕವನ್ನಷ್ಟೇ. ಉಳಿದ ಜಾತಿಗಳ ಶೇಕಡಾವಾರು ಟೀವಿ ಪರದೆಗೆ ಎಲ್ಲಿಂದ ಬರುತ್ತದೋ, ದೇವರೇ ಬಲ್ಲ.

ಹಾಗಾದರೆ ಇನ್ನೂ ಸೂಕ್ಷ್ಮ ನಕ್ಷೆ ಬೇಕು ಎಂದುಕೊಂಡು ಬೂತ್‌ವಾರು ಎಣಿಕೆಯ ಫಾರ್ಮ್ 20 ತೆರೆದೆ. ನಮ್ಮ ಕ್ಷೇತ್ರವನ್ನು ಚುಕ್ಕೆಗಳಲ್ಲಿ ಬಿಡಿಸಿದೆ. ಚೆನ್ನಾಗಿಯೇ ಬಂತು. ಒಂದೇ ಬಣ್ಣದ ಮುದ್ದೆಯಾಗಿದ್ದ ಕ್ಷೇತ್ರ ರಾಗಿ ಚೆಲ್ಲಿದಂತೆ ಬಿಡಿಬಿಡಿಯಾಯಿತು, ಸೋತವರೂ ಕಾಣಿಸಿದರು. ಕಾಣಿಸಿದ್ದೇ ತೊಂದರೆಯಾಯಿತು. ಯಾವ ಬೀದಿ ಕೈಕೊಟ್ಟಿತು ಎಂದು ಗೆದ್ದವರಿಗೂ ಇದೇ ಹಾಳೆ ಹೇಳುತ್ತದಲ್ಲ! ಹಲವು ಬೂತ್‌ಗಳ ಮತವನ್ನು ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗ ಸೂಚಿಸಿದ್ದು ಈ ಭಯಕ್ಕೇ. ಅದು ಜಾರಿಗೆ ಬರಲಿಲ್ಲ.

ನಮ್ಮೂರಿನ ಬೂತ್‌ನಲ್ಲಿ ಬೇರೆ ಬಣ್ಣದ ಚುಕ್ಕೆಗಳು ಬೆರಳೆಣಿಕೆಯಷ್ಟಿದ್ದವು. ಯಾವ ಮನೆಯವು ಎಂದು ಊಹಿಸಲು ಊರಿನವರಿಗೆ ಕಷ್ಟವಿಲ್ಲ, ನಾನೇ ಊಹಿಸಿಬಿಟ್ಟಿದ್ದೆ. ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಕೆಂದು ಮಾಡಿದ್ದ ಆ ನಕ್ಷೆಯನ್ನು ಅಲ್ಲಿಗೆ ಹಾಕಲಿಲ್ಲ.