ನೀರುನಾಯಿಯೂ ಬೇಟೆನಾಯಿಯೂ: ಎರಡು ಕೃತಿಗಳು

ಶಿರಿಯ ಹೊಳೆಯ ಪುತ್ತಿಗೆಯಲ್ಲಿ ಕನ್ನಡದ ‘ನೀರುನಾಯಿ’, ಮಲಯಾಳದ ‘ನೀರ್‌ನಾಯ’ ಎರಡೂ ಒಂದೇ ಜೀವಿಯ ಹೆಸರು. ಎರಡು ನುಡಿಗಳೂ ಕಾಡುಪ್ರಾಣಿಯೊಂದನ್ನು ಮನೆಯ ನಾಯಿಗೆ ಹೋಲಿಸಿವೆ. ಈ ಸಲುಗೆ ಎಷ್ಟು ಸಲ್ಲುತ್ತದೆ ಎಂಬುದನ್ನು ಪರೀಕ್ಷಿಸಲು ಎರಡು ಇಂಗ್ಲಿಷ್ ಕೃತಿಗಳನ್ನು ಜೊತೆಯಾಗಿ ಓದಬೇಕು.

ಗ್ಯಾವಿನ್ ಮ್ಯಾಕ್ಸ್‌ವೆಲ್‌ನ ‘ರಿಂಗ್ ಆಫ್ ಬ್ರೈಟ್ ವಾಟರ್’ (1960) ಸಲುಗೆಯದೇ ಕಥನ. ಇರಾಕಿನ ಜೌಗುನಾಡಿನಿಂದ ಸ್ಕಾಟ್ಲೆಂಡಿಗೆ ಬಂದ ಮಿಜ್‌ಬಿಲ್, ಕಾವೇರಿ–ತುಂಗಭದ್ರೆಗಳಲ್ಲಿ ಈಜುವ ಪ್ರಭೇದಕ್ಕೇ ಸೇರಿದ್ದು. ಅದರ ಆಟಗಳನ್ನು ಚಿತ್ರಿಸುವ ಗದ್ಯ ಮೋಹಕವಾಗಿದೆ. ಆದರೆ ಮನುಷ್ಯರನ್ನು ನಂಬಲು ಕಲಿತ ಮಿಜ್‌ಬಿಲ್ ರಸ್ತೆ ಕೆಲಸಗಾರನೊಬ್ಬನ ಕೈಯಲ್ಲಿ ಸಾಯುತ್ತದೆ. ಒಡೆಯನ ಪ್ರೀತಿಯೇ ಅದರ ಎಚ್ಚರವನ್ನು ಕಳೆದಿತ್ತು.

ಹೆನ್ರಿ ವಿಲಿಯಮ್‌ಸನ್‌ನ ‘ಟಾರ್ಕಾ ದಿ ಆಟರ್’ (1927) ಡೆವನ್‌ನ ಎರಡು ನದಿಗಳ ಸೀಮೆಯಲ್ಲಿ ನಡೆಯುತ್ತದೆ. ಟಾರ್ಕಾನಿಗೆ ಒಡೆಯನಿಲ್ಲ, ಬೆನ್ನಟ್ಟುವ ಬೇಟೆನಾಯಿಗಳಿವೆ. ಆ ಸೀಮೆಯ ಆಡುಮಾತು ಬೆರೆತ ಗದ್ಯ ಸುಲಭಕ್ಕೆ ಒಲಿಯುವುದಿಲ್ಲ. ಆದರೂ ಹೊಳೆಯನ್ನು ಪ್ರಾಣಿಯ ಕಡೆಯಿಂದ ಕಾಣಿಸುವುದು ಇದೇ.

ಮೊದಲು ಕನ್ನಡಕ್ಕೆ ಬರಬೇಕಾದುದೂ ಇದೇ. ಅಲ್ಲಿ ‘ನೀರುನಾಯಿ’ಯನ್ನು ನಾಯಿಗಳೇ ಅಟ್ಟಿಸಿಕೊಂಡು ಹೋಗುತ್ತವೆ, ಇಂಗ್ಲಿಷಿನಲ್ಲಿಲ್ಲದ ಈ ವ್ಯಂಗ್ಯವನ್ನು ಅನುವಾದಕರು ತಪ್ಪಿಸಲಾರರು, ತಪ್ಪಿಸಲೂ ಬಾರದು. ಡೆವನ್‌ನ ಆಡುಮಾತಿಗೆ ಎದುರಾಗಿ ನಿಲ್ಲಬಲ್ಲ ಪದಸಂಪತ್ತು ತುಳು, ಹವ್ಯಕ, ಮಲಯಾಳಗಳು ಬೆರೆತ ಗಡಿನಾಡ ಕನ್ನಡದಲ್ಲಿದೆ.