ಗೂಬೆಯ ಪಕ್ಕದ ಜಾಗ

ಅಮೆರಿಕದ ಶಾಲಾ ಕೃಷಿ ಶಿಕ್ಷಣವನ್ನು ಹೊಗಳುವವರು ಮೊದಲು ತೋರಿಸುವುದು ಒಂದಕ್ಕೊಂದು ಹೆಣೆದುಕೊಂಡ ಮೂರು ವೃತ್ತಗಳ ಚಿತ್ರವನ್ನು. ಒಂದು ವೃತ್ತ ತರಗತಿ ಮತ್ತು ಪ್ರಯೋಗಶಾಲೆಯದು. ಎರಡನೆಯದು ವಿದ್ಯಾರ್ಥಿ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಮನೆಯಲ್ಲೋ ಹೊಲದಲ್ಲೋ ಅಂಗಡಿಯಲ್ಲೋ ನಡೆಸುವ ಸ್ವಂತ ಕೆಲಸದ್ದು. ಮೂರನೆಯದು ಎಫ್‌ಎಫ್‌ಎ ಎಂಬ ವಿದ್ಯಾರ್ಥಿ ಸಂಘದ್ದು. ಮೂರೂ ಒಂದೇ ಗಾತ್ರ, ಮೂರನ್ನೂ ಹೊರುವವರು ಅದೇ ಕೃಷಿ ಶಿಕ್ಷಕರು. ಸದಸ್ಯರ ಸಂಖ್ಯೆ ಹತ್ತು ಲಕ್ಷ ದಾಟಿದ ಸಂಘಕ್ಕೆ ಹೊಗಳಿಕೆ ಬಂದರೆ ಅಚ್ಚರಿಯಿಲ್ಲ. ನನ್ನ ತಕರಾರಿರುವುದು ಆ ಮೂರನೇ ವೃತ್ತಕ್ಕೆ ಶಿಕ್ಷಕರನ್ನು ತಯಾರು ಮಾಡುವ ಕ್ರಮದ ಮೇಲೆ. ನಾಯಕತ್ವ ಬೆಳೆಸುವ ತರಬೇತಿ ಎಂದು ಅದಕ್ಕಿರುವ ಹೆಸರು ಅದರ ಯೋಗ್ಯತೆಯನ್ನು ಮೀರಿದ್ದು. ಮಕ್ಕಳನ್ನು ಗೆಲ್ಲಿಸುವುದನ್ನು ಅದು ಚೆನ್ನಾಗಿಯೇ ಕಲಿಸುತ್ತದೆ. ಸಲಹೆಗಾರರಾಗಿ ಇರುವುದು ಹೇಗೆಂಬುದನ್ನು ಕಲಿಸುವುದಿಲ್ಲ.

1917ರ ಸ್ಮಿತ್-ಹ್ಯೂಸ್ ಕಾಯ್ದೆ, 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ನಡೆದ ಸ್ಥಾಪನಾ ಸಮಾವೇಶ, 1950ರ ಕಾಂಗ್ರೆಸ್ಸಿನ ಸನ್ನದು, 1969ರಲ್ಲಿ ಹುಡುಗಿಯರಿಗೆ ತೆರೆದ ಬಾಗಿಲು: ಈ ಕಥೆ ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. ಒತ್ತಿ ಹೇಳಬೇಕಾದ್ದು ಬೇರೆಯೇ ಇದೆ. ಈ ಸಂಘ ಹುಟ್ಟಿದ್ದು ಶಿಕ್ಷಕರ ತರಬೇತಿ ವಿಭಾಗದಲ್ಲಿ. 1920ರ ದಶಕದ ನಡುವೆ ವರ್ಜೀನಿಯಾದ ರೈತ ಹುಡುಗರಿಗೆ ಸಂಘ ಕಟ್ಟಿಕೊಟ್ಟ ಹೆನ್ರಿ ಗ್ರೋಸ್‌ಕ್ಲೋಸ್ ಮತ್ತು ಸಂಗಡಿಗರು ವರ್ಜೀನಿಯಾ ಪಾಲಿಟೆಕ್ನಿಕ್‌ನ ಕೃಷಿ ಶಿಕ್ಷಣ ವಿಭಾಗದ ಒಡನಾಡಿಗಳು. ಬಿಳಿಯರ ಶಾಲೆಗೆ ಕಾಲಿಡುವಂತಿಲ್ಲದ ಕಪ್ಪು ಹುಡುಗರಿಗಾಗಿ 1927ರಲ್ಲಿ ಅದೇ ರಾಜ್ಯದಲ್ಲಿ ಹುಟ್ಟಿದ ಸಂಘಕ್ಕೆ ನಿಯಮಾವಳಿ ಬರೆದ ಜಿ.ಡಬ್ಲ್ಯು. ಓವೆನ್ಸ್ ಕೂಡ ವರ್ಜೀನಿಯಾ ಸ್ಟೇಟ್ ಕಾಲೇಜಿನಲ್ಲಿ ಕೃಷಿ ಶಿಕ್ಷಕರನ್ನು ತಯಾರು ಮಾಡುತ್ತಿದ್ದವರು. ಮಕ್ಕಳ ಸಂಘದಲ್ಲಿ ಮೇಷ್ಟ್ರ ಪಾತ್ರವೇನು ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದೇ ಇವರು ಸಂಘ ಕಟ್ಟಿದರು. ಅವರ ಉತ್ತರ ಇಂದಿಗೂ ಅಚ್ಚಿನಲ್ಲಿದೆ, ಪ್ರತಿ ಸಭೆಯಲ್ಲೂ ಬಾಯಿಪಾಠವಾಗಿ ಕೇಳಿಬರುತ್ತದೆ. ಯಾರೂ ಅದನ್ನು ನಿಂತು ಓದುವುದಿಲ್ಲ ಅಷ್ಟೇ.

ನಾನು ಹೇಳುತ್ತಿರುವುದು ಎಫ್‌ಎಫ್‌ಎ ಘಟಕದ ಸಭೆ ತೆರೆಯುವ ವಿಧಿಯನ್ನು. ಕೋಣೆಯಲ್ಲಿ ಪ್ರತಿ ಪದಾಧಿಕಾರಿಗೂ ಗೊತ್ತಾದ ಜಾಗವಿದೆ. ಅಧ್ಯಕ್ಷರು ಉದಯಸೂರ್ಯನ ಕೆಳಗೆ, ಉಪಾಧ್ಯಕ್ಷರು ನೇಗಿಲ ಬಳಿ, ಕಾರ್ಯದರ್ಶಿ ಮೆಕ್ಕೆಜೋಳದ ತೆನೆಯ ಬಳಿ, ಖಜಾಂಚಿ ಜಾರ್ಜ್ ವಾಷಿಂಗ್ಟನ್ನರ ಲಾಂಛನದ ಬಳಿ, ವರದಿಗಾರ ಧ್ವಜದ ಬಳಿ, ದ್ವಾರಪಾಲಕ ಬಾಗಿಲಲ್ಲಿ. ಇವರೆಲ್ಲ ನೀಲಿ ಕಾರ್ಡ್ರಾಯ್ ಜಾಕೆಟ್ ತೊಟ್ಟ ಹೈಸ್ಕೂಲು ಮಕ್ಕಳು. ಕೋಣೆಯಲ್ಲಿರುವ ಒಬ್ಬರೇ ವಯಸ್ಕರು, ಸಲಹೆಗಾರ ಶಿಕ್ಷಕರು, ಕೂರುವುದು ಗೂಬೆಯ ಪಕ್ಕ. ನಮ್ಮಲ್ಲಿ ಅಪಶಕುನವೆನಿಸುವ ಹಕ್ಕಿ ಅಲ್ಲಿ ಜ್ಞಾನದ ಗುರುತು. ಅಧ್ಯಕ್ಷರು ಸುತ್ತಿಗೆಯನ್ನು ಎರಡು ಸಲ ಬಡಿದು, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದಾರೆಯೇ ಎಂದು ಉಪಾಧ್ಯಕ್ಷರನ್ನು ಕೇಳುತ್ತಾರೆ. ಉಪಾಧ್ಯಕ್ಷರು ಒಬ್ಬೊಬ್ಬರನ್ನೇ ಕರೆದು ಹಾಜರಿ ತೆಗೆದುಕೊಳ್ಳುತ್ತಾರೆ. ಕರೆಸಿಕೊಂಡವರು ತಾವು ಎಲ್ಲಿದ್ದೇವೆ, ಅಲ್ಲೇ ಏಕಿದ್ದೇವೆ ಎಂದು ಹೇಳಬೇಕು.

ಯಾರು ಯಾರ ಹಾಜರಿ ಹಾಕುತ್ತಿದ್ದಾರೆ ನೋಡಿ. ಬೆಳಿಗ್ಗೆ ಇದೇ ಕಟ್ಟಡದಲ್ಲಿ ಮೇಷ್ಟ್ರು ಕೂಗಿದ ಹೆಸರಿಗೆ ಓಗೊಟ್ಟ ಹುಡುಗಿ ಈಗ ಮೇಷ್ಟ್ರನ್ನು ಕರೆಯುತ್ತಾಳೆ. ಅವರು ಎದ್ದು ಓಗೊಡುತ್ತಾರೆ. ದ್ವಾರಪಾಲಕ, ವರದಿಗಾರ, ಖಜಾಂಚಿ, ಕಾರ್ಯದರ್ಶಿ ಎಲ್ಲರ ಸರದಿ ಮುಗಿದ ಮೇಲೆ ಅವರ ಸರದಿ. ಉಳಿದವರು ಹೇಳುವುದು ತಮ್ಮ ಕೆಲಸವನ್ನು: ಬರುವವರಿಗೆ ಬಾಗಿಲು ತೆರೆದಿಡುವುದು, ಸಂಘದ ಸುದ್ದಿ ಊರಿಗೆ ಮುಟ್ಟಿಸುವುದು, ಹಣದ ಲೆಕ್ಕ ಇಡುವುದು, ನಡಾವಳಿ ಬರೆಯುವುದು. ಸಲಹೆಗಾರರ ಉತ್ತರದಲ್ಲಿ ದಿನನಿತ್ಯದ ಕೆಲಸ ಒಂದೂ ಇಲ್ಲ. ತಾವು ಇವರೆಲ್ಲರಿಗಿಂತ ಹಿರಿಯರಾದ್ದರಿಂದ ಅಗತ್ಯ ಬಿದ್ದಾಗ, ಆಗೀಗ ತಮ್ಮನ್ನು ಸಲಹೆ ಕೇಳುತ್ತಾರೆ, ಆ ಸಲಹೆ ನಿಜವಾದ ತಿಳಿವಿನ ಮೇಲೆ ನಿಂತು ವಿವೇಕದಲ್ಲಿ ಮಾಗಿರಲಿ ಎಂಬುದು ತಮ್ಮ ಆಸೆ ಎಂಬ ಅರ್ಥದ ಮಾತು ಅದು. ಅಲ್ಲಿಗೆ ತಮ್ಮ ಬಗ್ಗೆ ಅವರು ಹೇಳುವುದು ಮುಗಿಯಿತು. ಆಮೇಲೆ ತೆರೆಯುವ ವಿಧಿಯಲ್ಲಿ ಅವರಿಗಿರುವುದು ಉಪಾಧ್ಯಕ್ಷರ ಬಳಿ ನೇಗಿಲು ಏಕಿದೆ ಎಂಬಂಥ ಪ್ರಶ್ನೆ ಕೇಳುವ ಪಾಲು ಮಾತ್ರ.

ಈ ಉತ್ತರ ತಯಾರಿಸಿದವರು ಮೇಷ್ಟ್ರ ಕೈಯಿಂದ ಎಷ್ಟನ್ನು ಬಿಡಿಸಿಕೊಂಡಿದ್ದಾರೆ ಎಂಬುದು ಸಾವಕಾಶವಾಗಿ ಓದಿದಾಗ ತಿಳಿಯುತ್ತದೆ. ಸರಕಾರ ಕೊಟ್ಟ ಹುದ್ದೆಯನ್ನು ಅವರು ಇಲ್ಲಿ ಹೇಳಿಕೊಳ್ಳುವಂತಿಲ್ಲ, ಪಡೆದ ಪದವಿಯನ್ನು ಹೇಳಿಕೊಳ್ಳುವಂತಿಲ್ಲ, ಪ್ರಾಂಶುಪಾಲರ ಹೆಸರನ್ನಂತೂ ಎತ್ತುವಂತಿಲ್ಲ. ಅವರಿಗಿರುವ ಅರ್ಹತೆ ವಯಸ್ಸೊಂದೇ, ಆ ವಯಸ್ಸಿಗೂ ಎರಡು ಕಟ್ಟುಪಾಡು: ಅಗತ್ಯ ಬೀಳಬೇಕು, ಮಕ್ಕಳೇ ಕೇಳಬೇಕು. ವಿವೇಕ ತಮಗಿದೆ ಎಂದೂ ಅವರು ಸಾಧಿಸುವುದಿಲ್ಲ, ಇರಲಿ ಎಂದು ಬಯಸುತ್ತಾರೆ. ಶಾಲೆಯೊಳಗೆ ಶಿಕ್ಷಕರ ಅಧಿಕಾರವನ್ನು ಇಷ್ಟು ಕಟ್ಟುನಿಟ್ಟಾಗಿ ಅಳತೆ ಮಾಡಿಟ್ಟ ಇನ್ನೊಂದು ಪಠ್ಯ ನನಗೆ ಗೊತ್ತಿಲ್ಲ. ಸಲಹೆಗಾರರ ತರಬೇತಿ ಇಲ್ಲಿಂದ ಶುರುವಾಗಬೇಕಿತ್ತು. ಅಗತ್ಯ ಬಿದ್ದಿದೆ ಎಂದು ಗುರುತಿಸುವುದು ಹೇಗೆ? ಮಕ್ಕಳು ಕೇಳದಿದ್ದಾಗ ಎಷ್ಟು ಹೊತ್ತು ಕಾಯಬೇಕು? ಖಜಾಂಚಿಯ ಲೆಕ್ಕ ತಪ್ಪಿದ್ದು ಕಣ್ಣಿಗೆ ಬಿದ್ದರೆ ಸಭೆಯಲ್ಲೇ ಹೇಳಬೇಕೇ, ಅಧ್ಯಕ್ಷರ ಕಿವಿಗೆ ಹಾಕಿ ಸುಮ್ಮನಿರಬೇಕೇ? ಇವು ಕಲಿಸಬಹುದಾದ ವಿಷಯಗಳೇ.

ಆದದ್ದೇನು? ಕಿರಿಯ ಸದಸ್ಯರಿಗೆಂದು ‘ಘಟಕದ ಸಭೆ ನಡೆಸುವುದು’ ಎಂಬ ಸ್ಪರ್ಧೆಯೇ ಇದೆ. ಅದರಲ್ಲಿ ಈ ವಿಧಿಯನ್ನು ತಪ್ಪಿಲ್ಲದೆ ಒಪ್ಪಿಸಿದರೆ ಅಂಕ. ಶಿಕ್ಷಕರ ಸಂಯಮವನ್ನು ಬರೆದಿಟ್ಟ ಪಠ್ಯವನ್ನೇ ಶಿಕ್ಷಕರು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನಿಲ್ಲಿಸಿ, ಉಚ್ಚಾರ ತಿದ್ದಿ, ನಿಲ್ಲುವ ಭಂಗಿ ತಿದ್ದಿ ತಾಲೀಮು ಮಾಡಿಸುತ್ತಾರೆ. ಅವರು ಪಡೆದ ತರಬೇತಿ ಇದಕ್ಕೆ ಒಗ್ಗುವಂಥದ್ದೇ. ಸಾಮಾನ್ಯವಾಗಿ ವಿಶ್ವವಿದ್ಯಾಲಯದಲ್ಲಿ ಒಂದು ಕೋರ್ಸು, ಆಮೇಲೆ ಸುಮಾರು ಒಂದು ಸೆಮಿಸ್ಟರ್ ಬೋಧನಾಭ್ಯಾಸ. ಕೋರ್ಸಿನಲ್ಲಿ ವರ್ಷದ ಕಾರ್ಯಕ್ರಮ ಪಟ್ಟಿ ಮಾಡುವುದು, ಗ್ರೀನ್‌ಹ್ಯಾಂಡ್‌ನಿಂದ ಅಮೆರಿಕನ್ ಪದವಿಯವರೆಗೆ ಸಂಘ ಕೊಡುವ ಪದವಿಗಳ ಅರ್ಜಿ ತುಂಬುವುದು, ಪ್ರಶಸ್ತಿಗೆ ದಾಖಲೆ ಜೋಡಿಸುವುದು, ಪ್ರವಾಸಕ್ಕೆ ಅನುಮತಿ ಪತ್ರ ತರಿಸುವುದು ಬರುತ್ತವೆ. ರಾಜ್ಯ ಮಟ್ಟದ ಎಷ್ಟೋ ಸ್ಪರ್ಧೆಗಳು ಕೃಷಿ ವಿಶ್ವವಿದ್ಯಾಲಯಗಳ ಆವರಣದಲ್ಲೇ ನಡೆಯುತ್ತವೆ. ಶಿಕ್ಷಕರಾಗಲು ಬಂದವರು ಅಲ್ಲಿ ಅಂಕಪಟ್ಟಿ ಹಿಡಿದು ಓಡಾಡಿ, ಹಾಲು ಕೊಡುವ ಹಸುಗಳ ಗುಣನಿರ್ಣಯವೋ ಮಣ್ಣಿನ ಗುಣನಿರ್ಣಯವೋ ಹೇಗೆ ಅಂಕವಾಗುತ್ತದೆಂದು ಕಲಿಯುತ್ತಾರೆ. ಬೇರೆ ಕೆಲಸ ಬಿಟ್ಟು ಪರ್ಯಾಯ ಪ್ರಮಾಣಪತ್ರದ ಮೂಲಕ ಬರುವವರಿಗೆ ಇದೂ ಪೂರ್ತಿ ಸಿಗುವುದಿಲ್ಲ.

ಸಭಾ ನಡಾವಳಿ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ತೀರ್ಪುಗಾರರು ಒಂದು ಗೊತ್ತುವಳಿ ಕೊಡುತ್ತಾರೆ. ರಾಬರ್ಟ್ಸ್ ನಿಯಮಗಳ ಪ್ರಕಾರ ತಂಡ ಅದನ್ನು ಮಂಡಿಸಿ, ಅನುಮೋದಿಸಿ, ತಿದ್ದುಪಡಿ ತಂದು, ಸಮಿತಿಗೆ ಒಪ್ಪಿಸಿ, ಹತ್ತು ನಿಮಿಷದ ಆಸುಪಾಸಿನಲ್ಲಿ ಮತಕ್ಕೆ ಹಾಕಿ ಮುಗಿಸಬೇಕು. ಚೆನ್ನಾಗಿ ಪಳಗಿದ ತಂಡದ ಚರ್ಚೆಯಲ್ಲಿ ಒಂದು ಮಾತು ತೊದಲುವುದಿಲ್ಲ. ಆದರೆ ಆ ಗೊತ್ತುವಳಿ ಪಾಸಾದರೂ ಬಿದ್ದರೂ ಊರಿನಲ್ಲಿ ಏನೂ ಬದಲಾಗುವುದಿಲ್ಲ. ಅದೇ ಶಾಲೆಯ ನಿಜವಾದ ಸಭೆಯಲ್ಲಿ ಹಣ್ಣು ಮಾರಿ ಬಂದ ಹಣ ರಾಷ್ಟ್ರೀಯ ಸಮಾವೇಶದ ಪ್ರವಾಸಕ್ಕೆ ಹೋಗಬೇಕೋ, ಹಸಿರುಮನೆಯ ಹೀಟರ್ ರಿಪೇರಿಗೆ ಹೋಗಬೇಕೋ ಎಂಬ ಪ್ರಶ್ನೆ ಬಂದಾಗ ಉತ್ತರ ಮೇಷ್ಟ್ರ ಮೇಜಿನಲ್ಲಿ ಮೊದಲೇ ತಯಾರಿರುತ್ತದೆ. ಒತ್ತಡ ಹಾಗಿದೆ. ಹಣಕ್ಕೆ, ಬಸ್ಸಿಗೆ, ಮಕ್ಕಳ ಸುರಕ್ಷತೆಗೆ ಕಾನೂನಿನಲ್ಲಿ ಹೊಣೆ ಅವರೇ. ಹೊಣೆಯನ್ನು ತಾವಿಟ್ಟುಕೊಂಡು ತೀರ್ಮಾನವನ್ನು ಮಕ್ಕಳಿಗೆ ಬಿಡುವ ಈ ಕಷ್ಟದ ಕಲೆಗೇ ತರಬೇತಿ ಬೇಕಾಗಿರುವುದು.

ತರಬೇತಿಯಲ್ಲಿ ಸಿಗದ್ದನ್ನು ಶಿಕ್ಷಕರು ನೆನಪಿನಿಂದ ತುಂಬಿಕೊಳ್ಳುತ್ತಾರೆ. ಡ್ಯಾನ್ ಲಾರ್ಟಿ 1975ರ ‘ಸ್ಕೂಲ್‌ಟೀಚರ್’ ಪುಸ್ತಕದಲ್ಲಿ ಹೇಳಿದ ಮಾತಿದು: ಶಿಕ್ಷಕರಾಗುವವರು ವಿದ್ಯಾರ್ಥಿಗಳಾಗಿ ಕೂತು ವರ್ಷಗಟ್ಟಲೆ ನೋಡಿದ್ದನ್ನೇ ಪಾಠವಾಗಿ ಹೊತ್ತು ತರುತ್ತಾರೆ. ಕೃಷಿ ಶಿಕ್ಷಕರಲ್ಲಿ ಬಹಳ ಜನ ಹಳೆಯ ಎಫ್‌ಎಫ್‌ಎ ಸದಸ್ಯರು, ಅದರಲ್ಲೂ ಸಂಘದಲ್ಲಿ ಮಿಂಚಿದವರು. ತಮ್ಮನ್ನು ಗೆಲ್ಲಿಸಿದ ಮೇಷ್ಟ್ರಂತೆ ಆಗಬೇಕೆಂದೇ ಅವರು ಬರುತ್ತಾರೆ. ಹಿಂದಿನ ಸಾಲಿನಲ್ಲಿ ಕೂತು ಒಂದು ಸಲವೂ ಬಾಯಿ ಬಿಡದ ಸದಸ್ಯೆ ಆ ಮೇಷ್ಟ್ರನ್ನು ಕಂಡದ್ದು ಹೇಗೆ ಎಂಬುದು ಈ ನೆನಪಿನಲ್ಲಿ ಇರುವುದಿಲ್ಲ.

ಇಲ್ಲಿ ಎರಡು ಬಗೆಯ ವಿಮರ್ಶಕರ ಜೊತೆ ನನಗೆ ಜಗಳವಿದೆ. ಮೊದಲನೆಯದು ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 1988ರಲ್ಲಿ ಕೊಟ್ಟ ‘ಅಂಡರ್‌ಸ್ಟ್ಯಾಂಡಿಂಗ್ ಅಗ್ರಿಕಲ್ಚರ್’ ವರದಿ. ಹೊಲದಾಚೆಗೂ ಕೃಷಿಯಿದೆ, ಪಠ್ಯ ಹಳತಾಗಿದೆ, ಸಂಘದ ಹೆಸರು, ಲಾಂಛನ, ವಿಧಿ, ಸ್ಪರ್ಧೆ ಎಲ್ಲ ಬದಲಾಗಬೇಕು ಎಂದಿತು ಅದು. ಅದೇ ವರ್ಷ ‘ಫ್ಯೂಚರ್ ಫಾರ್ಮರ್ಸ್’ ಹೋಗಿ ‘ನ್ಯಾಷನಲ್ ಎಫ್‌ಎಫ್‌ಎ ಆರ್ಗನೈಸೇಷನ್’ ಬಂತು. ಪಠ್ಯದ ಬಗ್ಗೆ ಸಮಿತಿ ಹೇಳಿದ್ದು ಸರಿ. ಆದರೆ ವಿಧಿಯನ್ನು ಅದು ನೇಗಿಲು, ತೆನೆಗಳ ಹಳ್ಳಿಗಾಡಿನ ಅಲಂಕಾರವೆಂದು ಮಾತ್ರ ನೋಡಿತು. ಉಪಾಧ್ಯಕ್ಷೆ ಮೇಷ್ಟ್ರನ್ನು ಪ್ರಶ್ನಿಸುವ ಆ ಗಳಿಗೆ ಅದರ ಕಣ್ಣಿಗೆ ಬೀಳಲಿಲ್ಲ. ಬಿದ್ದಿದ್ದರೆ ಶಿಕ್ಷಕರ ತರಬೇತಿಯ ಅಧ್ಯಾಯ ಬೇರೆಯೇ ಆಗುತ್ತಿತ್ತು.

ಎರಡನೆಯ ಜಗಳ ಸಮೀಕ್ಷೆಗಾರರ ಜೊತೆ. ಇದು ಇನ್ನೂ ಗಂಭೀರ, ಏಕೆಂದರೆ ತರಬೇತಿಯ ಪಠ್ಯಕ್ರಮ ನಿರ್ಧಾರವಾಗುವುದು ಇವರ ಕೋಷ್ಟಕಗಳಿಂದ. ‘ಜರ್ನಲ್ ಆಫ್ ಅಗ್ರಿಕಲ್ಚರಲ್ ಎಜುಕೇಷನ್’ ತಿರುವಿ ಹಾಕಿದರೆ ಶಿಕ್ಷಕರ ಅಗತ್ಯ ಅಳೆಯುವ ಲೇಖನಗಳು ಒಂದರ ಹಿಂದೊಂದು ಸಿಗುತ್ತವೆ. ಬಹುತೇಕ ಎಲ್ಲದರ ಬೆನ್ನೆಲುಬು ಗ್ಯಾರಿ ಬೋರಿಚ್ 1980ರಲ್ಲಿ ಕೊಟ್ಟ ಒಂದೇ ವಿಧಾನ. ಒಂದೊಂದು ಕೌಶಲಕ್ಕೂ ಶಿಕ್ಷಕರು ತಾವೇ ಎರಡು ಅಂಕ ಕೊಡಬೇಕು: ಇದು ಎಷ್ಟು ಮುಖ್ಯ, ಇದರಲ್ಲಿ ನಾನೆಷ್ಟು ಸಮರ್ಥ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು, ಉಳಿದದ್ದನ್ನು ಮುಖ್ಯತೆಯ ಸರಾಸರಿಯಿಂದ ಗುಣಿಸುತ್ತಾರೆ. ಐದರ ಮಾಪಕದಲ್ಲಿ ಮುಖ್ಯತೆ 4.6, ಸಾಮರ್ಥ್ಯ 3.1 ಎಂದಿಟ್ಟುಕೊಂಡರೆ ಅಂತರ 1.5, ತೂಕ ಕಟ್ಟಿದರೆ 6.9. ಹೆಚ್ಚು ಬಂದದ್ದು ಪಟ್ಟಿಯ ತುದಿಗೆ ಏರುತ್ತದೆ, ಅದರ ಮೇಲೆ ಬೇಸಿಗೆಯ ಕಾರ್ಯಾಗಾರ ನಡೆಯುತ್ತದೆ.

ಹೀಗೆ ತುದಿಗೆ ಏರುವವುಗಳಲ್ಲಿ ಪದವಿ ಅರ್ಜಿ, ಪ್ರಶಸ್ತಿ ಅರ್ಜಿಗಳು ಮತ್ತೆ ಮತ್ತೆ ಕಾಣುತ್ತವೆ. ಇದರಲ್ಲಿ ಆಶ್ಚರ್ಯವೇನಿದೆ? ಅರ್ಜಿ ತುಂಬಲು ಬಾರದು ಎಂಬುದು ಶಿಕ್ಷಕರಿಗೆ ತಾನಾಗಿ ಗೊತ್ತಾಗುತ್ತದೆ, ಅರ್ಜಿ ತಿರಸ್ಕೃತವಾಗಿ ವಾಪಸು ಬರುತ್ತದೆ. ಮಕ್ಕಳಿಗೆ ಮಾತಾಡಲು ಬಿಡಲು ತನಗೆ ಬಾರದು ಎಂಬುದು ಯಾರಿಗೂ ತಾನಾಗಿ ಗೊತ್ತಾಗುವುದಿಲ್ಲ. ಸಭೆಯನ್ನು ಪೂರ್ತಿ ತಾವೇ ನಡೆಸುವ ಶಿಕ್ಷಕರು ಆ ಕಲಂನಲ್ಲಿ ಮುಖ್ಯತೆಗೂ ಐದು, ಸಾಮರ್ಥ್ಯಕ್ಕೂ ಐದು ಹಾಕುತ್ತಾರೆ. ಅಂತರ ಸೊನ್ನೆ, ಗುಣಿಸಿದರೂ ಸೊನ್ನೆ, ಕಾರ್ಯಾಗಾರ ಇಲ್ಲ. ಈ ವಿಧಾನ ಅಳೆಯುವುದು ಶಿಕ್ಷಕರ ಕಳವಳವನ್ನು. ಕಳವಳ ಹುಟ್ಟಿಸದ ಕೊರತೆ ಇದಕ್ಕೆ ಕಾಣುವುದೇ ಇಲ್ಲ, ಸಲಹೆಗಾರರ ದೊಡ್ಡ ಕೊರತೆ ಇರುವುದು ಅಲ್ಲೇ. ಅದಕ್ಕೆ ಮಕ್ಕಳನ್ನು ಕೇಳಬೇಕು, ಸಭೆಯಲ್ಲಿ ಕೂತು ನೋಡಬೇಕು, ಯಾರು ಎಷ್ಟು ಹೊತ್ತು ಮಾತಾಡಿದರೆಂದು ಬರೆದುಕೊಳ್ಳಬೇಕು. ಅದು ನಿಧಾನದ ಕೆಲಸ. ಪ್ರಶ್ನಾವಳಿ ಕಳಿಸುವುದು ಸುಲಭ ಎಂಬ ಕಾರಣಕ್ಕೆ ಒಂದು ಪೀಳಿಗೆಯ ತರಬೇತಿ ಅರ್ಜಿಗಳ ಸುತ್ತ ತಿರುಗಿತೆಂಬುದನ್ನು ಈ ಸಂಶೋಧಕರು ಒಪ್ಪಿಕೊಳ್ಳಬೇಕು.

ಸ್ಪರ್ಧೆಗಳಿಂದ ಒಳ್ಳೆಯದೇನೂ ಆಗಿಲ್ಲ ಎನ್ನುವುದು ಅನ್ಯಾಯವಾದೀತು. ನಾಲ್ಕು ಜನರ ಮುಂದೆ ನಿಲ್ಲಲು ನಡುಗುತ್ತಿದ್ದ ಮಕ್ಕಳು ಅಲ್ಲಿ ಮಾತು ಕಲಿತಿದ್ದಾರೆ, ಅರ್ಜಿಯ ನೆಪದಲ್ಲಿ ಆದಾಯ-ಖರ್ಚಿನ ಲೆಕ್ಕ ಬರೆಯುವುದನ್ನೂ ಕಲಿತಿದ್ದಾರೆ. ಆದರೆ ಇದರ ಬೆಲೆ ತೆರುವವರು ಶಿಕ್ಷಕರು. ಬ್ಯಾರಿ ಕ್ರೂಮ್ 2003ರಲ್ಲಿ ಕೃಷಿ ಶಿಕ್ಷಕರ ಬಳಲಿಕೆಯನ್ನು ಅಳೆದಾಗ ಭಾವನಾತ್ಮಕ ದಣಿವು ಮಧ್ಯಮ ಮಟ್ಟದಲ್ಲೂ ಸಾಧನೆಯ ತೃಪ್ತಿ ಮೇಲ್ಮಟ್ಟದಲ್ಲೂ ಕಂಡವು. ಎರಡೂ ಒಂದೇ ಮೂಲದಿಂದ ಬರುತ್ತವೆಂದು ನಾನು ಓದಿಕೊಳ್ಳುತ್ತೇನೆ: ಮಕ್ಕಳು ಮಾಡಬೇಕಾದ್ದನ್ನು ತಾನು ಮಾಡಿ ದಣಿಯುವುದು, ಮಕ್ಕಳ ಗೆಲುವನ್ನು ತನ್ನದೆಂದು ತೃಪ್ತಿಪಡುವುದು.

ಸಲಹೆಗಾರಿಕೆ ಕಲಿಯಲು ಹಿಂದೆ ಇನ್ನೊಂದು ದಾರಿಯಿತ್ತು. ರೂಫಸ್ ಸ್ಟಿಮ್ಸನ್ 1908ರಿಂದ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್‌ನಲ್ಲಿ ಬೆಳೆಸಿದ ಮನೆ ಪ್ರಾಜೆಕ್ಟ್ ಪದ್ಧತಿಯಲ್ಲಿ ಹುಡುಗ ತನ್ನ ಹೊಲದಲ್ಲಿ ತನ್ನ ಲೆಕ್ಕದಲ್ಲಿ ಬೆಳೆ ತೆಗೆಯುತ್ತಿದ್ದ, ಮೇಷ್ಟ್ರು ಅಲ್ಲಿಗೆ ಹೋಗಿ ನೋಡುತ್ತಿದ್ದರು. ಸ್ಮಿತ್-ಹ್ಯೂಸ್ ಕಾಯ್ದೆ ವರ್ಷಕ್ಕೆ ಕನಿಷ್ಠ ಆರು ತಿಂಗಳು ಇಂಥ ಮೇಲ್ವಿಚಾರಣೆಯ ದುಡಿಮೆ ಇರಲೇಬೇಕೆಂದಿತು. ಇನ್ನೊಬ್ಬರ ಕೊಟ್ಟಿಗೆಯಲ್ಲಿ, ಹುಡುಗನ ತಂದೆಯ ಎದುರು ನಿಂತ ಮೇಷ್ಟ್ರು ಅಪ್ಪಣೆ ಕೊಡುವಂತಿರಲಿಲ್ಲ. ಕೇಳಬೇಕಿತ್ತು, ಒಪ್ಪಿಸಬೇಕಿತ್ತು, ಕೆಲವು ಸಲ ತಪ್ಪಾಗುವುದನ್ನು ನೋಡಿಯೂ ಮುಂದಿನ ಭೇಟಿಯವರೆಗೆ ಕಾಯಬೇಕಿತ್ತು. ಜಮೀನಿಲ್ಲದ ಮಕ್ಕಳು ಹೆಚ್ಚಿದಂತೆ ಈ ಭೇಟಿಗಳು ಕಡಿಮೆಯಾಗಿ, ಅದರ ಜಾಗಕ್ಕೆ ಆನ್‌ಲೈನ್ ದಾಖಲೆ ಪುಸ್ತಕ ಬಂತು. ನಮ್ಮಲ್ಲಿಗಂತೂ ಈ ದಾರಿ ಬರಲೇ ಇಲ್ಲ. ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದದ್ದು ಅಮೆರಿಕದ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲಿ, ಟೆನೆಸೀ ವಿಶ್ವವಿದ್ಯಾಲಯದ ನೆರವಿನೊಂದಿಗೆ. ಸಂಶೋಧನೆ, ವಿಸ್ತರಣೆ ಇಲ್ಲಿ ಬೇರೂರಿದವು. ಮಕ್ಕಳ ಹೊಲಕ್ಕೆ ಹೋಗುವ ಹೈಸ್ಕೂಲು ಕೃಷಿ ಮೇಷ್ಟ್ರ ಹುದ್ದೆ ಬೇರೂರಲಿಲ್ಲ.

ಇನ್ನೂ ದೊಡ್ಡ ನಷ್ಟ 1965ರದ್ದು. ಓವೆನ್ಸ್ ಅವರ ವರ್ಜೀನಿಯಾ ಸಂಘದಿಂದ ಬೆಳೆದು 1935ರಲ್ಲಿ ಟಸ್ಕೀಗಿಯಲ್ಲಿ ರಾಷ್ಟ್ರೀಯ ರೂಪ ಪಡೆದ ಎನ್‌ಎಫ್‌ಎ ಆ ವರ್ಷ ಎಫ್‌ಎಫ್‌ಎಯಲ್ಲಿ ವಿಲೀನವಾಯಿತು. ಅಷ್ಟು ಹೊತ್ತಿಗೆ ಅದರಲ್ಲಿ 50,000ಕ್ಕೂ ಹೆಚ್ಚು ಸದಸ್ಯರಿದ್ದರು. ಕಪ್ಪು ಜಾಕೆಟ್ ಕಳಚಿ ನೀಲಿ ತೊಟ್ಟ ದೃಶ್ಯವನ್ನು ಐಕ್ಯದ ಚಿತ್ರವಾಗಿ ತೋರಿಸುತ್ತಾರೆ. ಪ್ರತ್ಯೇಕ ಶಾಲೆಗಳಿಗಾಗಿ ಶಿಕ್ಷಕರನ್ನು ತಯಾರು ಮಾಡಿದ ಕಪ್ಪು ಕಾಲೇಜುಗಳ ಅನುಭವ ಆ ಐಕ್ಯದಲ್ಲಿ ಜಾಗ ಪಡೆಯಲಿಲ್ಲ. ಹಣವಿಲ್ಲದ, ಮತದ ಹಕ್ಕನ್ನೂ ಹಿಡಿದಿಟ್ಟಿದ್ದ ಊರುಗಳಲ್ಲಿ ಹುಡುಗರಿಗೆ ಸಭೆ ನಡೆಸಿ ತಾವೇ ತೀರ್ಮಾನ ಮಾಡುವುದನ್ನು ಕಲಿಸಿದ ಶಿಕ್ಷಕರಿಗಿಂತ ಸಲಹೆಗಾರಿಕೆಯ ಬೆಲೆ ಬಲ್ಲವರು ಯಾರು? ತರಬೇತಿಯ ಪಠ್ಯಗಳಲ್ಲಿ ಅವರು ಹೆಚ್ಚಾಗಿ ವಿಲೀನದ ಇಸವಿಯಾಗಿ ಉಳಿದಿದ್ದಾರೆ. ಅವರು ಕೆಲಸ ಮಾಡಿದ ಕ್ರಮ ಪಾಠವಾಗಬೇಕಿತ್ತು.

ತರಬೇತಿ ಬದಲಾಗಬೇಕಾದ್ದು ಹೀಗೆ: ಬೋಧನಾಭ್ಯಾಸದ ಸೆಮಿಸ್ಟರಿನಲ್ಲಿ ಪ್ರತಿ ಶಿಕ್ಷಣಾರ್ಥಿಯೂ ಪದಾಧಿಕಾರಿಗಳ ಸಭೆಗಳಲ್ಲಿ ಗೂಬೆಯ ಪಕ್ಕ ಕೂರಬೇಕು, ತಾನು ಯಾವಾಗ ಬಾಯಿ ಹಾಕಿದೆ, ಯಾರು ಕೇಳಿದ್ದಕ್ಕೆ ಹಾಕಿದೆ ಎಂದು ಬರೆದಿಡಬೇಕು, ತರಬೇತಿ ಕೊಡುವ ಪ್ರಾಧ್ಯಾಪಕರು ಆ ಬರಹದ ಮೇಲೆ ಅಂಕ ಕೊಡಬೇಕು. ಸಭೆ ನಡೆಸುವುದರಲ್ಲಿ ಸ್ಪರ್ಧೆ ಬೇಕೇ ಬೇಕೆಂದರೆ ತೀರ್ಪುಗಾರರ ಮುಂದಿಡಬೇಕಾದ್ದು ಆ ಘಟಕದ ವರ್ಷದ ನಡಾವಳಿ ಪುಸ್ತಕ: ಯಾವ ಗೊತ್ತುವಳಿ ಯಾರು ತಂದರು, ಯಾವುದು ಬಿತ್ತು, ಸಲಹೆಗಾರರಿಗೆ ಇಷ್ಟವಿಲ್ಲದಿದ್ದರೂ ಯಾವುದು ಪಾಸಾಯಿತು, ಅದನ್ನು ನಡೆಸಿಕೊಟ್ಟವರು ಯಾರು, ಹಣ ಎಷ್ಟು ಖರ್ಚಾಯಿತು.